ಪದವೊಂದು ಬೈಗುಳವಾದ ದಾರಿಯನ್ನು ಹುಡುಕುವ ಬಗೆ

ಮೊದಲು 1894ರ ಕಿಟೆಲ್ ನಿಘಂಟಿನಂತಹ ಹಳೆಯ ಕೋಶದಲ್ಲಿ ಮೂಲಾರ್ಥವನ್ನು ನೋಡಿ, ಅನಂತರ ಆ ಪದವನ್ನು ಈಗ ಯಾರು, ಯಾರಿಗೆ, ಯಾವ ದನಿಯಲ್ಲಿ ಹೇಳುತ್ತಾರೆಂಬುದನ್ನು ಕಿವಿಗೊಟ್ಟು ಕೇಳಿರಿ. ‘ಮುಂಡೆ’ ಎಂಬುದು ತಲೆ ಬೋಳಿಸಿದವಳು ಎಂಬಷ್ಟೇ ಅರ್ಥದಿಂದ ಹೊರಟು, ಕೇಶಮುಂಡನದ ಪದ್ಧತಿಯಿಂದಾಗಿ ವಿಧವೆಗೆ ಅಂಟಿಕೊಂಡು, ಆಕೆಯ ಮೇಲಿದ್ದ ತಾತ್ಸಾರವನ್ನೆಲ್ಲ ಹೀರಿಕೊಂಡು ಬೈಗುಳವಾಯಿತು. ಆದರೂ ಮಂಡ್ಯದ ಕಡೆಯ ಅಜ್ಜಿ ಮೊಮ್ಮಗನನ್ನು ‘ಅಯ್ಯೋ ಮುಂಡೇದೆ, ಉಂಡ್ಯೇನ್ಲಾ?’ ಎಂದರೆ ಅದು ಮುದ್ದು. ಮೈಸೂರಿನ ಕಚೇರಿಯೊಂದರಲ್ಲಿ ಅದೇ ಮಾತು ಜಗಳಕ್ಕೆ ಸಾಕು. ಅಶುಭವೆಂಬ ಅಂಜಿಕೆಯಿಂದ ಜನ ಆಡದೆ ಬಿಡುವ ಪದಗಳನ್ನು ಬೇರೆಯಾಗಿಡಿ: ಬಳೆ ‘ಒಡೆಯಿತು’ ಎನ್ನದೆ ‘ಹೆಚ್ಚಿತು’ ಎನ್ನುವುದು ಆ ಬಗೆಯದು. ಜಾತಿನಿಂದನೆಯ ಪದಗಳಿಗೆ ಮಾತ್ರ ‘ಮುದ್ದಿನ ದನಿಯಲ್ಲಿ ಹೇಳಿದ್ದು’ ಎಂಬ ವಿನಾಯಿತಿಯನ್ನು ಹುಡುಕಬೇಡಿ.