ತರಗೆಲೆ ಕೂಡಿಟ್ಟ ಸೊಸೈಟಿಗೆ ಮಳೆಗಾಲದ ಅಂಜಿಕೆಯಿಲ್ಲ

ಮುಂಬಯಿಯ ಹೌಸಿಂಗ್ ಸೊಸೈಟಿಗಳು ಹಸಿ ಕಸದಿಂದ ಗೊಬ್ಬರ ಮಾಡುವ ಕೆಲಸವನ್ನು ಕೈಬಿಡುವುದು ಹೆಚ್ಚಾಗಿ ಮಳೆಗಾಲದಲ್ಲಿ. ತೊಟ್ಟಿ ನಾರುತ್ತದೆ, ನೆಲಮಹಡಿಯವರು ದೂರುತ್ತಾರೆ, ಸಮಿತಿ ಸುಮ್ಮನಾಗುತ್ತದೆ. ಮೂಲ ಕಾರಣ ಬಹುಪಾಲು ಒಂದೇ: ಹಸಿ ಕಸದ ಜೊತೆ ಬೆರೆಸಲು ಒಣ ಎಲೆ ಇರುವುದಿಲ್ಲ. ಆದ್ದರಿಂದ ಮೊದಲು ತೊಟ್ಟಿ ಕೊಳ್ಳಬೇಡಿ, ಎಲೆ ಕೂಡಿಡಿ.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅಂಗಳದ ಬಾದಾಮಿ, ಅರಳಿ, ಮಳೆಮರಗಳು ಧಾರಾಳವಾಗಿ ಎಲೆ ಉದುರಿಸುತ್ತವೆ. ಅದನ್ನು ಸುಡಲು ಬಿಡಬೇಡಿ, ಲಾರಿಗೂ ಹಾಕಬೇಡಿ. ಖಾಲಿ ಅಕ್ಕಿ ಚೀಲಗಳಲ್ಲಿ ಒತ್ತಿ ತುಂಬಿ, ಮಳೆ ತಾಗದ ಕಡೆ ಇಡಿ. ವಿದ್ಯುತ್ ಮೀಟರ್‌ಗಳ ಕೋಣೆ ಮತ್ತು ವಾಹನ ನಿಲ್ಲಿಸುವ ಜಾಗದಿಂದ ಮಾತ್ರ ದೂರವಿರಲಿ. ಒಣ ಎಲೆಗೆ ಕಿಡಿ ಸಾಕು. ಉಡುಪಿ, ಕುಂದಾಪುರದ ಕಡೆಯಿಂದ ಬಂದ ನಮ್ಮ ಹಿರಿಯರಿಗೆ ಇದು ಹೊಸ ವಿದ್ಯೆಯೇನಲ್ಲ. ಬೇಸಿಗೆಯಲ್ಲಿ ತರಗೆಲೆ ಗುಡಿಸಿ ತಂದು, ದನದ ಹಟ್ಟಿಗೆ ಹಾಸಿ ಗೊಬ್ಬರ ಮಾಡಿದವರು ಅವರು. ಸಮಿತಿಯ ಸಭೆಗೆ ಅವರನ್ನು ಕರೆದು ಕೂರಿಸಿ.

ಕೊಳೆಸುವ ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ತರಕಾರಿ ಸಿಪ್ಪೆ, ಉಳಿದ ಅನ್ನದಲ್ಲಿ ನೀರು ಹೆಚ್ಚು, ಇಂಗಾಲ ಸಾಲದು. ಆ ಕೊರತೆಯನ್ನು ಎಲೆ ತುಂಬುತ್ತದೆ, ನಡುವೆ ಗಾಳಿಯಾಡಲೂ ಬಿಡುತ್ತದೆ. ಗಾಳಿಯಿಲ್ಲದೆ ಕೊಳೆತರೆ ದುರ್ನಾತ ಮಾತ್ರವಲ್ಲ, ಮೀಥೇನ್ ಅನಿಲವೂ ಹೊರಡುತ್ತದೆ. 1927ರಿಂದ ಕಸ ಹೊರುತ್ತಿರುವ ದೇವನಾರ್ ಗುಡ್ಡ 2016ರ ಜನವರಿಯಲ್ಲಿ ಹೊತ್ತಿ ಉರಿದು, ಹೊಗೆ ಊರಿನ ಮೇಲೆ ಕವಿದದ್ದನ್ನು ಚೆಂಬೂರಿನವರು ಮರೆತಿರಲಾರರು. ಇಂಥ ಬೆಂಕಿಗೆ ಆ ಅನಿಲವೇ ಇಂಧನ. ಮರುವರ್ಷದ ಅಕ್ಟೋಬರ್ 2ರಿಂದ, 20,000 ಚದರ ಮೀಟರ್‌ಗಿಂತ ದೊಡ್ಡದಾದ ಅಥವಾ ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಹೊರಡುವ ಸಂಕೀರ್ಣಗಳು ಹಸಿ ಕಸವನ್ನು ತಮ್ಮಲ್ಲೇ ಸಂಸ್ಕರಿಸಬೇಕೆಂದು ಮಹಾನಗರಪಾಲಿಕೆ ಹೇಳಿತು. ಚಿಕ್ಕ ಸೊಸೈಟಿಗಳು ಆ ಆದೇಶಕ್ಕೆ ಕಾಯಬೇಕಾಗಿಲ್ಲ.

40 ಮನೆಗಳಿದ್ದರೆ ದಿನಕ್ಕೆ ಸುಮಾರು 25-30 ಕಿಲೋ ಹಸಿ ಕಸ ಬರುತ್ತದೆ. ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲ, ಮೂರು ಅಡಿ ಎತ್ತರದ ನಾಲ್ಕು ತೊಟ್ಟಿಗಳು ಸಾಕು. ಇಟ್ಟಿಗೆಗಳ ನಡುವೆ ಸಂದು ಬಿಟ್ಟು ಕಟ್ಟಿಸಿ, ಅಥವಾ ಕಬ್ಬಿಣದ ಜಾಲರಿ ಬಳಸಿ. ನೆಲ ಕೊಂಚ ಇಳಿಜಾರಾಗಿರಲಿ, ಮೇಲೆ ತಗಡಿನ ಮಾಡು ಇರಲೇಬೇಕು. ಇಪ್ಪತ್ತನಾಲ್ಕು ಗಂಟೆಗಳಲ್ಲಿ ಗೊಬ್ಬರ ಕೊಡುವುದಾಗಿ ಹೇಳುವ ದುಬಾರಿ ಯಂತ್ರಗಳು ನನಗೆ ಒಪ್ಪಿಗೆಯಿಲ್ಲ. ಅಷ್ಟು ಬೇಗ ಹೊರಬರುವುದು ಬಿಸಿಯಲ್ಲಿ ಒಣಗಿದ ಕಸ. ಅದು ಗೊಬ್ಬರವಾಗಲು ಮತ್ತೆ ವಾರಗಟ್ಟಲೆ ಮಾಗಬೇಕು.

ಮೊದಲ ತೊಟ್ಟಿಯ ತಳಕ್ಕೆ ಅರ್ಧ ಅಡಿ ಎಲೆ ಹಾಸಿ. ಅದರ ಮೇಲೆ ಅಂದಿನ ಕಸವನ್ನು ಹರವಿ, ಅಷ್ಟೇ ಗಾತ್ರದ ಎಲೆ ಹಾಕಿ. ಸೆಗಣಿ ನೀರು ಅಥವಾ ಹುಳಿ ಮಜ್ಜಿಗೆ ಚಿಮುಕಿಸಿದರೆ ಕೊಳೆಯುವುದು ಬೇಗ ಶುರುವಾಗುತ್ತದೆ. ಯಾವ ದಿನವೂ ಕಸ ಕಣ್ಣಿಗೆ ಕಾಣುವಂತೆ ಬಿಡಬೇಡಿ, ಮೇಲ್ಪದರ ಯಾವಾಗಲೂ ಎಲೆಯೇ ಆಗಿರಲಿ. ಹಲಸಿನ ಸಿಪ್ಪೆ, ಬಾಳೆದಿಂಡು, ಬಸಳೆಯ ದಪ್ಪ ದಂಟುಗಳನ್ನು ಕತ್ತರಿಸಿಯೇ ಹಾಕಬೇಕು. ತೆಂಗಿನ ಚಿಪ್ಪು, ಎಣ್ಣೆ, ಮೂಳೆ ಬೇಡ. ಹಬ್ಬದ ನಿರ್ಮಾಲ್ಯದಿಂದ ದಾರ, ಪ್ಲಾಸ್ಟಿಕ್ ಕಿತ್ತು ಹೂವನ್ನಷ್ಟೇ ಕೊಡಿ.

ಕೆಲವೇ ದಿನಗಳಲ್ಲಿ ಒಳಗೆ ಬಿಸಿ ಏರುತ್ತದೆ. 55 ಡಿಗ್ರಿ ಸೆಲ್ಸಿಯಸ್ ದಾಟಿದರೆ ಒಳ್ಳೆಯದೇ. ರೋಗಾಣುಗಳೂ ಕಳೆಯ ಬೀಜಗಳೂ ಸಾಯುತ್ತವೆ. ವಾರಕ್ಕೊಮ್ಮೆ ಸಲಿಕೆಯಿಂದ ಅಡಿಮೇಲು ಮಾಡಿ. ಒಂದು ಹಿಡಿ ತೆಗೆದು ಹಿಂಡಿ ನೋಡಿ: ಕೈ ಒದ್ದೆಯಾಗಬೇಕು, ನೀರು ಸುರಿಯಬಾರದು. ಸುರಿದರೆ ಎಲೆ ಸೇರಿಸಿ. ಎಲೆ ಮುಗಿದಿದ್ದರೆ ತೆಂಗಿನ ನಾರಿನ ಪುಡಿ ಆದೀತು. ಬಿಳಿ ಹುಳುಗಳನ್ನು ಕಂಡು ಔಷಧ ಹೊಡೆಯಬೇಡಿ, ಅವೂ ಕಸವನ್ನೇ ತಿನ್ನುತ್ತಿರುತ್ತವೆ. ಅತಿಯಾದರೆ ಒದ್ದೆ ಹೆಚ್ಚಿದೆ ಎಂದು ತಿಳಿಯಿರಿ.

ಇದೆಲ್ಲವನ್ನೂ ದಿನವೂ ಮಾಡುವವರು ಸಫಾಯಿ ಕೆಲಸಗಾರರು. ಅವರ ಸಂಬಳಕ್ಕೆ ಈ ದುಡಿಮೆಯ ಹಣವನ್ನು ಪ್ರತ್ಯೇಕವಾಗಿ ಸೇರಿಸಿ, ವಾರ್ಷಿಕ ಸಭೆಯಲ್ಲೇ ಮಂಜೂರು ಮಾಡಿಸಿ. ಕೈಗವಸು, ಬೂಟು, ಸೋಪು ಕೊಡಿಸಿ. ಒಬ್ಬರ ಮನೆಯ ಡಯಾಪರ್, ಒಡೆದ ಗಾಜನ್ನು ಇನ್ನೊಬ್ಬರು ಕೈಯಿಂದ ಆರಿಸುವಂತೆ ಮಾಡುವುದು ಅನ್ಯಾಯ. ಬೇರ್ಪಡಿಸದ ಡಬ್ಬಿಯನ್ನು ಬಾಗಿಲಲ್ಲೇ ಬಿಟ್ಟುಹೋಗುವ ಅಧಿಕಾರ ಅವರಿಗಿರಲಿ, ಸಮಿತಿ ಅವರ ಬೆನ್ನಿಗೆ ನಿಲ್ಲಲಿ.

ತುಂಬಿದ ತೊಟ್ಟಿಯನ್ನು ಒಂದೂವರೆ, ಎರಡು ತಿಂಗಳು ಹಾಗೆಯೇ ಮಾಗಲು ಬಿಡಿ. ಕಪ್ಪಾಗಿ, ಪುಡಿಯಾಗಿ, ಮಣ್ಣಿನ ವಾಸನೆ ಬಂದರೆ ಸಿದ್ಧವಾಯಿತು. ಜರಡಿ ಹಿಡಿದು, ಬಾಲ್ಕನಿಯ ಮಲ್ಲಿಗೆ, ಬಸಳೆಯ ಕುಂಡಗಳಿಗೆ ಮೂರು ಪಾಲು ಮಣ್ಣಿಗೆ ಒಂದು ಪಾಲಿನಂತೆ ಬೆರೆಸಿ. ಜರಡಿಯಲ್ಲಿ ಉಳಿದ ತರಿಯನ್ನು ಮುಂದಿನ ತೊಟ್ಟಿಗೆ ಸೇರಿಸಿದರೆ, ಮತ್ತೆ ಮಜ್ಜಿಗೆ ಹುಡುಕಬೇಕಾಗಿಲ್ಲ.