ತೂಕ ಇಲ್ಲದ ಲಾಟ್ ಒಳಗೆ ಬರಬಾರದು: ಸ್ಪ್ರಿಂಗ್ ಕಂಟ್ರೋಲರ್ ಬರೆದ ನನ್ನ ಅನುಭವ

ದಾವಣಗೆರೆ ಎಪಿಎಂಸಿಯ ಒಂದು ದಲ್ಲಾಳಿ ಅಂಗಡಿಗೆ ಲಾಟ್ (ರೈತ ತಂದ ಮಾಲಿನ ರಾಶಿ) ಲೆಕ್ಕದ ಬ್ಯಾಕೆಂಡ್, ಅಂದರೆ ಸರ್ವರ್ ಕಡೆಯ ಪ್ರೋಗ್ರಾಂ ಮಾಡಿಕೊಟ್ಟೆ, ಜಾವಾದ ಸ್ಪ್ರಿಂಗ್ ಬೂಟ್‌ನಲ್ಲಿ. ಹೊರಗಿನಿಂದ ಬರುವ ಕೋರಿಕೆಯನ್ನು ಅದರಲ್ಲಿ ಮೊದಲು ಹಿಡಿಯುವ ಕ್ಲಾಸೇ ಕಂಟ್ರೋಲರ್. ಜಗಳೂರು, ಹರಿಹರದ ಕಡೆಯಿಂದ ಮೆಕ್ಕೆಜೋಳ ಬರುತ್ತದೆ. ಗುಮಾಸ್ತರು ಮೊಬೈಲ್‌ನಲ್ಲೇ ರೈತರ ಹೆಸರು, ಚೀಲ, ತೂಕ, ತೇವಾಂಶ ಹಾಕುತ್ತಾರೆ.

ಕೋಡ್‌ಗೆ ಮೊದಲು ವಿಳಾಸಗಳನ್ನು ಹಾಳೆಯಲ್ಲಿ ಬರೆದುಕೊಂಡೆ. ಇಂಥದ್ದೇ ಒಂದು ಲಾಟ್ ಬೇಕು ಅಂದರೆ ನಂಬರ್ ವಿಳಾಸದಲ್ಲೇ ಇರಲಿ, ‘/ಲಾಟ್/412’ ಅಂತ. ಅದನ್ನು ಹಿಡಿಯೋದು @ಪಾತ್‌ವೇರಿಯಬಲ್ ಅನ್ನುವ ಅನೊಟೇಶನ್ (ಕೋಡ್‌ನಲ್ಲಿ @ ಹಾಕಿ ಬರೆಯುವ ಗುರುತು). ತೇವಾಂಶ 14% ದಾಟಿದವು ಮಾತ್ರ ಸಾಕು ಅಂದರೆ ಅದು ಸೋಸುವ ಕೆಲಸ, ಪ್ರಶ್ನೆ ಚಿಹ್ನೆಯ ಆಚೆ ಬರಬೇಕು. ಅಲ್ಲಿ @ರಿಕ್ವೆಸ್ಟ್‌ಪ್ಯಾರಮ್. ಇದು ಸುಮ್ನೆ ಹಾಕಿದರೆ ಕಡ್ಡಾಯ ಆಗುತ್ತದೆ, ಕಳಿಸದಿದ್ದರೆ 400, ಅಂದರೆ ಕೋರಿಕೆಯೇ ತಪ್ಪು ಅನ್ನುವ ಉತ್ತರ ಬರುತ್ತದೆ. ಸೋಸುವುದು ಐಚ್ಛಿಕ ಅಲ್ವಾ, ಹಾಗಾಗಿ ‘ರಿಕ್ವೈರ್ಡ್’ ಅನ್ನು ಫಾಲ್ಸ್ ಮಾಡಿದೆ. ಹೊಸ ಲಾಟ್‌ನ ವಿವರ ಜೇಸನ್ (ಹೆಸರು, ಮೌಲ್ಯ ಜೋಡಿಗಳ ಪಠ್ಯ) ಆಗಿ ಬರುತ್ತದೆ, ಅದಕ್ಕೆ @ರಿಕ್ವೆಸ್ಟ್‌ಬಾಡಿ.

ಕ್ಲಾಸ್ ಮೇಲೆ @ರೆಸ್ಟ್‌ಕಂಟ್ರೋಲರ್, ಮೆಥಡ್‌ಗಳ ಮೇಲೆ @ಗೆಟ್‌ಮ್ಯಾಪಿಂಗ್, @ಪೋಸ್ಟ್‌ಮ್ಯಾಪಿಂಗ್. ಇವೆರಡು ಸ್ಪ್ರಿಂಗ್ 4.3ರಿಂದ ಇವೆ. ಹಳೆಯ ಕೋಡ್‌ನಲ್ಲಿ ಬರೀ @ರಿಕ್ವೆಸ್ಟ್‌ಮ್ಯಾಪಿಂಗ್ ಕಾಣುತ್ತದೆ. ಅದಕ್ಕೆ ಯಾವ ಬಗೆಯ ಕೋರಿಕೆ ಅಂತ ಹೇಳದಿದ್ದರೆ ಗೆಟ್ (ಓದು), ಪೋಸ್ಟ್ (ಸೇರಿಸು), ಡಿಲೀಟ್ (ಅಳಿಸು) ಎಲ್ಲಕ್ಕೂ ಬಾಗಿಲು ತೆರೆದಂತೆ. ದುಡ್ಡಿನ ಲೆಕ್ಕ ಇರುವ ಕಡೆ ನಾನು ಅದನ್ನು ಒಪ್ಪುವುದಿಲ್ಲ.

ನಾನು ಜಾಸ್ತಿ ಹೊತ್ತು ಕೂತದ್ದು ತೂಕದ ವಿಷಯಕ್ಕೆ. ಆ ಫೀಲ್ಡನ್ನು ಪ್ರಿಮಿಟಿವ್ ಡಬಲ್ (ಜಾವಾದ ಬರೀ ದಶಮಾಂಶ ಸಂಖ್ಯೆ) ಮಾಡಿದರೆ, ಜೇಸನ್‌ನಲ್ಲಿ ತೂಕ ಬರದಿದ್ದಾಗ ಜೇಸನ್ ಓದುವ ಲೈಬ್ರರಿ ಜಾಕ್ಸನ್ 2 ಅದನ್ನು ತೆಪ್ಪಗೆ 0 ಮಾಡಿಬಿಡುತ್ತದೆ. ಪ್ರಿಮಿಟಿವ್‌ಗೆ ನಲ್ (ಖಾಲಿ) ಅನ್ನೋದೇ ಇಲ್ಲ, ಹಾಗಾಗಿ ಮೇಲೆ @ನಾಟ್‌ನಲ್ ಹಾಕಿದರೂ ಹಿಡಿಯುವುದಿಲ್ಲ. ರೈತನ ಹೆಸರಲ್ಲಿ ಸೊನ್ನೆ ಕ್ವಿಂಟಲ್ ಬರೆದುಕೊಂಡರೆ ಹೇಗೆ? ಅದಕ್ಕೆ ನಲ್ ಆಗಬಲ್ಲ ಬಿಗ್‌ಡೆಸಿಮಲ್ ತೆಗೆದುಕೊಂಡೆ. ಮೇಲೆ @ನಾಟ್‌ನಲ್, @ಪಾಸಿಟಿವ್ (ಸೊನ್ನೆಗಿಂತ ಹೆಚ್ಚಿರಬೇಕು) ಎರಡೂ ಹಾಕಿದೆ. ಎರಡೂ ಬೇಕು: ನಲ್ ಬಂದರೆ @ಪಾಸಿಟಿವ್ ಸರಿ ಅಂತಲೇ ಬಿಡುತ್ತದೆ. ಇಷ್ಟಾದರೂ ಕಂಟ್ರೋಲರ್‌ನ ಪ್ಯಾರಾಮೀಟರ್ ಮುಂದೆ @ವ್ಯಾಲಿಡ್ ಇಲ್ಲದಿದ್ದರೆ ಇವು ಕೆಲಸಕ್ಕೇ ಬರುವುದಿಲ್ಲ. ಜೊತೆಗೆ ವ್ಯಾಲಿಡೇಶನ್ ಸ್ಟಾರ್ಟರ್ (ಈ ಪರೀಕ್ಷೆಗೆ ಬೇಕಾದ ಲೈಬ್ರರಿಗಳ ಕಟ್ಟು) ಬೇಕು. ಸ್ಪ್ರಿಂಗ್ ಬೂಟ್ 2.3ರಿಂದ ಅದು ವೆಬ್ ಸ್ಟಾರ್ಟರ್ ಜೊತೆ ತಾನಾಗಿ ಬರುವುದಿಲ್ಲ.

ತಪ್ಪು ಸಿಕ್ಕಾಗ ಗುಮಾಸ್ತರಿಗೆ ಇಂಗ್ಲಿಷ್ ಸಂದೇಶ ಕೊಟ್ಟರೆ ಏನೂ ಪ್ರಯೋಜನ ಇಲ್ಲ. ಅನೊಟೇಶನ್‌ನ ‘ಮೆಸೇಜ್’ನಲ್ಲೇ ‘ತೂಕ ಹಾಕಿಲ್ಲ’ ಅಂತ ಬರೆದೆ. ಒಂದು @ರೆಸ್ಟ್‌ಕಂಟ್ರೋಲರ್‌ಅಡ್ವೈಸ್ (ಕಂಟ್ರೋಲರ್‌ಗಳ ತಪ್ಪುಗಳನ್ನು ಒಂದೆಡೆ ಹಿಡಿಯುವ) ಕ್ಲಾಸಿನಲ್ಲಿ @ಎಕ್ಸೆಪ್ಶನ್‌ಹ್ಯಾಂಡ್ಲರ್ ಇಟ್ಟು, ಯಾವ ಫೀಲ್ಡ್, ಏನು ಸಂದೇಶ ಅನ್ನುವುದನ್ನು 400ರ ಜೊತೆ ಕಳಿಸಿದೆ. ಇಲ್ಲದ ಲಾಟ್ ಕೇಳಿದರೆ 404. ಹೊಸದು ಸೇರಿದರೆ 201.

ಹಮಾಲಿ, ತೂಕದ ಖರ್ಚು ಹಾಕಿ ರೈತನ ಪಟ್ಟಿ (ಲೆಕ್ಕದ ಚೀಟಿ) ಮಾಡುವ ಲೆಕ್ಕ ಮಾತ್ರ ಕಂಟ್ರೋಲರ್‌ನಲ್ಲಿ ಒಂದು ಸಾಲೂ ಇಲ್ಲ, ಪೂರ್ತಿ ಸರ್ವಿಸ್ ಅನ್ನುವ ಬೇರೆ ಕ್ಲಾಸಿನಲ್ಲಿದೆ. ಯಾಕಂದರೆ ಸಂಜೆ ಎಲ್ಲಾ ಪಟ್ಟಿಗಳನ್ನು ಒಟ್ಟಿಗೆ ತೆಗೆಯುವ ಇನ್ನೊಂದು ಪ್ರೋಗ್ರಾಂ ಇದೆ. ಅದು ವೆಬ್ ಮೂಲಕ ಬರುವುದೇ ಇಲ್ಲ, ಅದೇ ಸರ್ವಿಸನ್ನು ನೇರ ಕರೆಯುತ್ತದೆ.