ಗಾಂಜಾ ಸೇದುವವರು ಮನೋವೈದ್ಯರನ್ನು ಕಾಣುವಾಗ: ಏನು ಬರೆದುಕೊಂಡು ಹೋಗಬೇಕು, ಏನು ಕೇಳಬೇಕು

ಮನೋವೈದ್ಯರ ಮುಂದೆ ಕೂತು ಗಾಂಜಾ ವಿಷಯ ಮುಚ್ಚಿಟ್ಟರೆ ಚಿಕಿತ್ಸೆ ಮೊದಲ ದಿನವೇ ದಾರಿ ತಪ್ಪುತ್ತದೆ. ನಿದ್ದೆ ಇಲ್ಲ, ಎದೆ ಡವಡವ ಅನ್ನುತ್ತದೆ, ಯಾರೋ ಬೆನ್ನು ಹತ್ತಿದಂಗೆ ಅನ್ನಿಸುತ್ತದೆ ಎಂದಷ್ಟೇ ಹೇಳಿದರೆ ವೈದ್ಯರು ಅಷ್ಟಕ್ಕೇ ಗುಳಿಗೆ ಬರೆಯುತ್ತಾರೆ. ಇತ್ತ ಸೇದುವುದು ನಡೆದೇ ಇರುತ್ತದೆ. ಗುಳಿಗೆ ಹತ್ತುವುದಿಲ್ಲ, ಮುಂದಿನ ಸಲ ಡೋಸ್ ಏರುತ್ತದೆ, ಮೈ ಭಾರವಾಗುತ್ತದೆ, ಮನೆಯವರು ಬೇಸತ್ತು ಗುಳಿಗೆಯನ್ನೇ ನಿಲ್ಲಿಸುತ್ತಾರೆ. ಇದಕ್ಕೆ ಉಲ್ಟಾ ತಪ್ಪೂ ಅಷ್ಟೇ ಆಗುತ್ತದೆ. "ಗಾಂಜಾ ಸೇದ್ತಾನ್ರಿ ಸರ" ಎಂಬ ಒಂದೇ ಮಾತು ಹೇಳಿ ಸುಮ್ಮನಾದರೆ ಎಲ್ಲವನ್ನೂ ಗಾಂಜಾದ ತಲೆಗೇ ಕಟ್ಟಿಬಿಡುವ ಸಂಭವವಿದೆ. ಒಳಗೆ ಖಿನ್ನತೆಯೋ ಬೈಪೋಲಾರ್ ಕಾಯಿಲೆಯೋ (ಒಮ್ಮೆ ಉನ್ಮಾದ, ಒಮ್ಮೆ ಖಿನ್ನತೆ ಬರುವ ಕಾಯಿಲೆ) ಇದ್ದರೆ ಅದು ಕಣ್ತಪ್ಪುತ್ತದೆ. ಎರಡನ್ನೂ ತಪ್ಪಿಸಲು ಒಂದು ಹಾಳೆ ಸಾಕು. ಏನು, ಎಷ್ಟು, ಯಾವಾಗಿನಿಂದ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಯಾವುದು ಮೊದಲು ಶುರುವಾಯಿತು ಎಂಬುದು ಅದರಲ್ಲಿರಬೇಕು.

ಹಾಳೆಯಲ್ಲಿ ಏನಿರಬೇಕು

ಸರಕಾರಿ ಆಸ್ಪತ್ರೆಯ ಓಪಿಡಿಯಲ್ಲಿ ಸಾಲು ಉದ್ದ ಇರುತ್ತದೆ, ಒಬ್ಬರಿಗೆ ಸಿಗುವ ಸಮಯ ಕಡಿಮೆ. ಹಿಂದಿನ ರಾತ್ರಿಯೇ ಮನೆಯಲ್ಲಿ ಕೂತು ಬರೆದಿಟ್ಟರೆ ಆ ಸಮಯ ಪೂರ್ತಿ ಕೆಲಸಕ್ಕೆ ಬರುತ್ತದೆ. ಹೀಗೆ ಬರೆಯಿರಿ:

"ವಯಸ್ಸು 23. ಗಾಂಜಾ 17ನೇ ವಯಸ್ಸಿನಿಂದ. ಮೊದಲು ವಾರಕ್ಕೊಮ್ಮೆ, ಕಳೆದ ದಸರಾದಿಂದ ದಿನಾ 3 ಸಲ. ಸಿಗರೇಟಿನ ತಂಬಾಕು ಕೂಡಿಸಿ. ಒಂದು ಪೊಟ್ಟಣ ಇಬ್ಬರಿಗೆ 2 ದಿನ. ಕೊನೆಯ ಸಲ ಭಾನುವಾರ ರಾತ್ರಿ. ನಿದ್ದೆ ಕೆಟ್ಟದ್ದು ಗವಿಮಠದ ಜಾತ್ರೆ ಹೊತ್ತಿಗೆ. ಕಿವಿಯಲ್ಲಿ ಮಾತು ಕೇಳಿಸಲು ಶುರುವಾದದ್ದು ಶಿವರಾತ್ರಿ ಆದಮೇಲೆ. ಕುಡಿತ ಶನಿವಾರ ಮಾತ್ರ. ಸೋದರಮಾವನಿಗೆ ಇಂಥದ್ದೇ ಕಾಯಿಲೆ ಇತ್ತು, ಧಾರವಾಡದಲ್ಲಿ ತೋರಿಸಿದ್ದರು."

ದಿನಾಂಕ ನೆನಪಿಲ್ಲದಿದ್ದರೆ ಹಬ್ಬ, ಜಾತ್ರೆ, ಭತ್ತದ ನಾಟಿ, ಕೊಯ್ಲು, ಹೀಗೆ ಹಿಡಿದು ಹೇಳಿ. ವೈದ್ಯರಿಗೆ ಬೇಕಾದದ್ದು ಹಿಂದುಮುಂದಿನ ಕ್ರಮ. ನಿದ್ದೆಗೇಡು ಮತ್ತು ಭಯ ಗಾಂಜಾಕ್ಕಿಂತ ಆರು ತಿಂಗಳು ಮೊದಲೇ ಇದ್ದವು, ಅವನ್ನು ತಣಿಸಲೆಂದೇ ಸೇದಲು ಶುರು ಮಾಡಿದ್ದು ಎಂದಾದರೆ ಚಿಕಿತ್ಸೆಯ ದಾರಿಯೇ ಬೇರೆ.

ಪ್ರಮಾಣ ಹೇಳುವಾಗ "ಸ್ವಲ್ಪ", "ಯಾವಾಗಲಾದರೂ" ಅನ್ನಬೇಡಿ. ಗ್ರಾಂ ಲೆಕ್ಕ ಯಾರಿಗೂ ಗೊತ್ತಿರುವುದಿಲ್ಲ, ಕೇಳುವುದೂ ಇಲ್ಲ. ದಿನಕ್ಕೆ ಎಷ್ಟು ಸಲ, ಒಂದು ಪೊಟ್ಟಣ ಎಷ್ಟು ಜನಕ್ಕೆ ಎಷ್ಟು ದಿನ, ವಾರಕ್ಕೆ ಎಷ್ಟು ರೂಪಾಯಿ ಹೋಗುತ್ತದೆ ಎಂಬ ಮೂರೂ ಹೇಳಿದರೆ ಅಂದಾಜು ಸಿಗುತ್ತದೆ. ಬೆಳಿಗ್ಗೆ ಎದ್ದ ತಕ್ಷಣ ಬೇಕೇ ಬೇಕು ಅನ್ನಿಸುತ್ತದೆಯೇ ಎಂಬುದನ್ನೂ ಸೇರಿಸಿ. ಚಟ ಎಷ್ಟು ಆಳಕ್ಕಿಳಿದಿದೆ ಎಂಬುದರ ಗುರುತು ಅದು.

ಯಾವ ರೂಪದಲ್ಲಿ ಎಂಬುದೂ ಮುಖ್ಯ. ಚಿಲುಮೆಯಲ್ಲಿ ಅಥವಾ ಸಿಗರೇಟಿಗೆ ತುಂಬಿ ಸೇದಿದರೆ ಕೆಲವೇ ನಿಮಿಷದಲ್ಲಿ ಏರಿ ಎರಡು ಮೂರು ತಾಸಿನಲ್ಲಿ ಇಳಿಯುತ್ತದೆ. ಭಂಗಿ ತಿಂದರೆ, ಕುಡಿದರೆ ಏರಲು ಅರ್ಧ ತಾಸಿನಿಂದ ಎರಡು ತಾಸು ಬೇಕು, ಇಳಿಯಲು ಅರ್ಧ ದಿನವೇ ಹಿಡಿಯಬಹುದು. "ಏನೂ ಆಗಲೇ ಇಲ್ಲ" ಎಂದು ಎರಡನೇ ಸಲ ಕುಡಿದು ಗಾಬರಿಯಾಗಿ ಆಸ್ಪತ್ರೆಗೆ ಬರುವುದು ಇದರಿಂದಲೇ. ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಭಾಗದ ಕೆಲವು ಗದ್ದುಗೆ, ಮಠಗಳ ಸುತ್ತ ಚಿಲುಮೆ ಸೇದುವ ರೂಢಿ ಹಳೆಯದು. ಅಲ್ಲಿ ಸೇದಿದ್ದನ್ನು ಪ್ರಸಾದವೆಂದು ಎಣಿಸಿ ಲೆಕ್ಕಕ್ಕೆ ಹಿಡಿಯದವರು ಬಹಳ. ನಂಬಿಕೆಯ ಬಗ್ಗೆ ಯಾರೂ ಪ್ರಶ್ನೆ ಮಾಡುವುದಿಲ್ಲ, ಆದರೆ ಮೆದುಳಿಗೆ ತಾಗುವುದು ಗಾಂಜಾದಲ್ಲಿ ನಶೆ ಏರಿಸುವ ಅದೇ ಟಿಎಚ್‌ಸಿ. ಹಾಳೆಯಲ್ಲಿ ಅದೂ ಇರಲಿ. ಆನೆಗೊಂದಿ, ಸಣಾಪುರದ ಕಡೆ ಗೆಳೆಯರ ಜೊತೆ ಸೇದಿದ್ದು, ಆನ್‌ಲೈನಿನಲ್ಲಿ ತರಿಸಿದ ಗಾಂಜಾ ಎಣ್ಣೆ, ಆಯುರ್ವೇದದ ಹೆಸರಿನ ಗಾಂಜಾ ಎಲೆಯ ಔಷಧ, ಇವೂ ಲೆಕ್ಕಕ್ಕೆ ಬರುತ್ತವೆ.

ತೋರಣಗಲ್ಲಿನ ಕಾರ್ಖಾನೆಯಲ್ಲೋ ಶಕ್ತಿನಗರದಲ್ಲೋ ಪಾಳಿ ಕೆಲಸ ಇದ್ದರೆ ಪಾಳಿಯ ವೇಳೆ ಬರೆಯಿರಿ. ರಾತ್ರಿ ಪಾಳಿ ಮುಗಿಸಿ ಹಗಲು ನಿದ್ದೆಗೆಂದು ಸೇದುವವರು ಹಲವರು. ನಿದ್ದೆಗೆಡುವುದೇ ಬೈಪೋಲಾರ್ ಕಾಯಿಲೆ ಇರುವವರಲ್ಲಿ ಉನ್ಮಾದ ಎಬ್ಬಿಸುತ್ತದೆ, ಗಾಂಜಾ ಅದಕ್ಕೆ ಇನ್ನಷ್ಟು ಒತ್ತು ಕೊಡುತ್ತದೆ.

ಎಲ್ಲಿಗೆ ಹೋಗಬೇಕು

ಬಳ್ಳಾರಿಯ ವಿಮ್ಸ್ (ಈಗಿನ ಬಿಎಂಸಿಆರ್‌ಸಿ), ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಈ ಮೂರೂ ಸರಕಾರಿ ಮೆಡಿಕಲ್ ಕಾಲೇಜುಗಳಲ್ಲಿ ಮನೋರೋಗ ವಿಭಾಗವಿದೆ. ಅಷ್ಟು ದೂರ ಹೋಗಲಾಗದವರಿಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. ಮನೋಚೈತನ್ಯ ಯೋಜನೆಯಡಿ ಮಂಗಳವಾರ ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆಯಿದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎಂಬುದನ್ನು ಆಶಾ ಕಾರ್ಯಕರ್ತೆಯಿಂದಲೋ ಆಸ್ಪತ್ರೆಯಿಂದಲೋ ಮೊದಲೇ ತಿಳಿದುಕೊಂಡರೆ ಒಂದು ದಿನದ ಕೂಲಿ ಉಳಿಯುತ್ತದೆ. ದೇಶಕ್ಕೆಲ್ಲ ಹಬ್ಬಿದ ಈ ಜಿಲ್ಲಾ ಕಾರ್ಯಕ್ರಮದ ಮಾದರಿ ಹುಟ್ಟಿದ್ದೇ ಬಳ್ಳಾರಿ ಜಿಲ್ಲೆಯಲ್ಲಿ. 1985ರಿಂದ 1990ರವರೆಗೆ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಇಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ತರಬೇತಿ ಕೊಟ್ಟು ಇದನ್ನು ನಡೆಸಿ ತೋರಿಸಿತು, 1996ರಲ್ಲಿ ಅದು ರಾಷ್ಟ್ರೀಯ ಕಾರ್ಯಕ್ರಮವಾಯಿತು. ಹಾಗಾಗಿ ಊರಿನ ಪಿಎಚ್‌ಸಿ ವೈದ್ಯರನ್ನು ಮೊದಲು ಕಾಣುವುದೂ ಸರಿಯಾದ ದಾರಿಯೇ.

ಮನೆಯಿಂದ ಹೊರಡಲು ಒಪ್ಪದವರಿಗೆ ಫೋನ್ ಇದೆ. 14416 ಟೆಲಿ-ಮಾನಸ್, ದಿನದ 24 ತಾಸೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಚಟ ಬಿಡಿಸುವ ಸಲಹೆಗೆ 14446. ರೋಗಿ ಬರದಿದ್ದರೂ ಅವ್ವನೋ ಅಣ್ಣನೋ ಹಾಳೆ ಹಿಡಿದು ಆಸ್ಪತ್ರೆಗೆ ಹೋಗಿ ಸಲಹೆ ಕೇಳಬಹುದು.

ಮಂಗಳವಾರಕ್ಕೆ ಕಾಯಬಾರದ ಹೊತ್ತೂ ಇದೆ. ಸಾಯುವ ಮಾತಾಡುತ್ತಿದ್ದರೆ, ಕಿವಿಯಲ್ಲಿ ಕೇಳುವ ದನಿ "ಹೊಡಿ", "ಜಿಗಿ" ಎಂದು ಹೇಳುತ್ತಿದ್ದರೆ, ಎರಡು ಮೂರು ರಾತ್ರಿ ಕಣ್ಣೇ ಮುಚ್ಚದಿದ್ದರೆ, ಅನ್ನ ನೀರು ಬಿಟ್ಟಿದ್ದರೆ, ಎದೆನೋವು, ಮೂರ್ಛೆ, ಫಿಟ್ಸ್ ಬಂದರೆ ತಕ್ಷಣ 108ಕ್ಕೆ ಕರೆ ಮಾಡಿ. ಗಾಂಜಾ ಸೇದಿದವರ ಕಣ್ಣು ಸಾಮಾನ್ಯವಾಗಿ ಕೆಂಪಗಿರುತ್ತದೆ. ಕಣ್ಣಪಾಪೆ ದೊಡ್ಡದಾಗಿ ಅರಳಿ, ಬಾಯಿ ಒಣಗಿ, ಮೈ ಬಿಸಿಯಾಗಿ ಬೆವರೇ ಇಲ್ಲದೆ ಬಡಬಡಿಸುತ್ತಿದ್ದರೆ ಭಂಗಿಗೆ ದತ್ತೂರಿ ಬೆರೆತಿರಬಹುದು. ರಾಯಚೂರಿನ ಏಪ್ರಿಲ್, ಮೇ ಬಿಸಿಲಿನಲ್ಲಿ ಅದು ಬಿಸಿಲಾಘಾತವೂ ಆಗಿರಬಹುದು. ಎರಡೂ ಜೀವ ತೆಗೆಯುವಂಥವು, "ನಶಾ ಇಳಿದ್ರ ಸರಿ ಹೋಗ್ತಾನ" ಎಂದು ಕೂರಬೇಡಿ. ಮಂಪರಿನಲ್ಲಿರುವವರ ಬಾಯಿಗೆ ನಿಂಬೆರಸ, ಮಜ್ಜಿಗೆ ಸುರಿಯಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ. ಕಟ್ಟಿಹಾಕುವುದು, ಹೊಡೆಯುವುದು ಭ್ರಮೆಯಲ್ಲಿರುವವರ ಭಯವನ್ನು ನಿಜ ಮಾಡಿ ತೋರಿಸುತ್ತದೆ, ಅಷ್ಟೆ. ಹುಲಿಗೆಮ್ಮನಿಗೆ ಹರಕೆ ಹೊರುವುದಕ್ಕೂ ದರ್ಗಾಕ್ಕೆ ಹೋಗುವುದಕ್ಕೂ ಯಾವ ವೈದ್ಯರೂ ಅಡ್ಡ ಬರುವುದಿಲ್ಲ, ಆದರೆ ಆಸ್ಪತ್ರೆಯ ದಿನ ತಪ್ಪಬಾರದು.

ಪೊಲೀಸರ ಭಯ

ಬಾಯಿ ಬಿಡದಿರಲು ದೊಡ್ಡ ಕಾರಣ ಇದೇ. ಗಾಂಜಾ ಸೇವನೆ 1985ರ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯ 27ನೇ ಕಲಮಿನಡಿ ಅಪರಾಧ ನಿಜ. ಆದರೆ ಚಿಕಿತ್ಸೆಗೆಂದು ಬಂದು ಹೇಳಿದ ಮಾತು ಗುಟ್ಟಾಗಿ ಉಳಿಯಬೇಕು ಎಂಬುದು 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಯ 23ನೇ ಕಲಮು ರೋಗಿಗೆ ಕೊಟ್ಟ ಹಕ್ಕು. ನಶೆಯಿಂದ ಬಂದ ಮಾನಸಿಕ ತೊಂದರೆಯೂ ಆ ಕಾಯ್ದೆಯ ವ್ಯಾಪ್ತಿಯಲ್ಲಿದೆ. ಬೇರೆಯವರ ಜೀವಕ್ಕೆ ಅಪಾಯ, ಕೋರ್ಟಿನ ಆದೇಶ, ಇಂಥ ಕೆಲವೇ ಸಂದರ್ಭಗಳಲ್ಲಿ ವಿನಾಯಿತಿ. ಈಗಾಗಲೇ ಸೇವನೆಯ ಕೇಸು ಬಿದ್ದಿದ್ದರೂ, ತಾನಾಗಿ ಸರಕಾರಿ ಅಥವಾ ಸರಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಟ ಬಿಡಿಸುವ ಚಿಕಿತ್ಸೆ ಪಡೆದವರಿಗೆ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಕೇಸು ಇರುವವರು ಇದನ್ನು ವಕೀಲರಿಗೆ ಹೇಳಿಯೇ ಮುಂದುವರಿಯಬೇಕು. ಡಾಕ್ಟರಿಗೆ ತೋರಿಸೋಣವೆಂದು ಪೊಟ್ಟಣವನ್ನು ಕಿಸೆಯಲ್ಲಿಟ್ಟುಕೊಂಡು ಮಾತ್ರ ಹೋಗಬೇಡಿ. ಹತ್ತಿರ ಇಟ್ಟುಕೊಳ್ಳುವುದೇ ಅಪರಾಧ.

ಕೋಣೆಯ ಒಳಗೆ

ಓಪಿಡಿ ಕೋಣೆಯಲ್ಲಿ ಮೇಜಿನ ಸುತ್ತ ನಾಲ್ಕು ಮಂದಿ ನಿಂತಿರುತ್ತಾರೆ, ಪಕ್ಕದಲ್ಲಿ ಅಪ್ಪ ಇರುತ್ತಾನೆ. ಅಲ್ಲಿ ನಿಜ ಬಾಯಿಗೆ ಬರುವುದಿಲ್ಲ. "ಸರ, ಐದು ನಿಮಿಷ ಒಬ್ಬನ ಮಾತಾಡಬೇಕಿತ್ರಿ" ಎಂದು ಕೇಳಿ. ಅದೂ ಆಗದಿದ್ದರೆ ಹಾಳೆಯನ್ನು ಮಡಚಿ ವೈದ್ಯರ ಕೈಗೆ ಕೊಡಿ. ಮನೆಯವರೂ ತಾವು ಕಂಡದ್ದನ್ನು ಬೇರೆಯಾಗಿ ಹೇಳುವುದು ಒಳ್ಳೆಯದು. ಗೋಡೆ ಕಡೆ ನೋಡಿ ನಗುವುದು, ಕಿಟಕಿಗೆ ಬಟ್ಟೆ ಬಿಗಿಯುವುದು, ಟಿವಿಯಲ್ಲಿ ತನ್ನ ಸುದ್ದಿಯೇ ಬರುತ್ತದೆ ಅನ್ನುವುದು ರೋಗಿಗೆ ವಿಚಿತ್ರ ಅನ್ನಿಸುವುದೇ ಇಲ್ಲ, ಹಾಗಾಗಿ ಹೇಳುವುದೂ ಇಲ್ಲ.

ಬೈದು, "ಬಿಟ್ಟು ಬಾ, ಆಮೇಲೆ ನೋಡೋಣ" ಎಂದು ಕಳಿಸಿದರೆ ಅಲ್ಲಿಗೇ ನಿಲ್ಲಬೇಡಿ. ಗಾಂಜಾ ಬಿಟ್ಟ ಮೇಲೆಯೇ ಚಿಕಿತ್ಸೆ ಎಂಬ ನಿಯಮ ಯಾವ ಕಾಯಿಲೆಗೂ ಇಲ್ಲ. ಎರಡೂ ಕೂಡಿಯೇ ನಡೆಯಬೇಕು. ಈ ಮೂರನ್ನು ಕೇಳಿ: ಇದು ಗಾಂಜಾದಿಂದ ಬಂದದ್ದೋ, ಮೊದಲೇ ಇದ್ದದ್ದೋ, ಹೇಳಲು ಎಷ್ಟು ವಾರ ಬೇಕು? ಈ ಗುಳಿಗೆ ನಡುವೆ ಸೇದಿದರೆ ಏನಾಗುತ್ತದೆ? ಮತ್ತೆ ಯಾವಾಗ ಬರಬೇಕು?

ಮೊದಲ ಪ್ರಶ್ನೆಗೆ ಅದೇ ದಿನ ಉತ್ತರ ಸಿಗದಿದ್ದರೆ ವೈದ್ಯರ ತಪ್ಪಲ್ಲ. ಗಾಂಜಾದಿಂದ ಎದ್ದ ಭ್ರಮೆ ಬಿಟ್ಟಮೇಲೆ ಸಾಮಾನ್ಯವಾಗಿ ಕೆಲವು ದಿನಗಳಿಂದ ಒಂದು ತಿಂಗಳೊಳಗೆ ಇಳಿಯುತ್ತದೆ. ಅದಕ್ಕೂ ಮೀರಿ ಉಳಿದರೆ ಬೇರೆ ಕಾಯಿಲೆಯ ಅನುಮಾನ ಬಲವಾಗುತ್ತದೆ. ಇಳಿದರೂ ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಇಂಥ ಭ್ರಮೆ ಒಮ್ಮೆ ಬಂದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಮುಂದೆ ಸ್ಕಿಜೋಫ್ರೇನಿಯಾ (ಭ್ರಮೆ ಬಹುಕಾಲ ಉಳಿಯುವ ಮನೋರೋಗ) ಕಾಣಿಸಿಕೊಂಡದ್ದನ್ನು ಅಧ್ಯಯನಗಳು ತೋರಿಸಿವೆ. ಅದಕ್ಕೇ "ಆರಾಮಾಗ್ಯಾನ" ಎಂದು ತಾವಾಗಿಯೇ ಗುಳಿಗೆ ನಿಲ್ಲಿಸಬಾರದು.

ಮೂತ್ರ ಪರೀಕ್ಷೆ ಮಾಡಿಸಿದರೆ ಅಂಜಬೇಡಿ, ಅದು ಚಿಕಿತ್ಸೆಗಾಗಿ. ಅಪರೂಪಕ್ಕೆ ಸೇದುವವರಲ್ಲಿ ಸುಮಾರು ಮೂರು ದಿನ, ದಿನಾ ಸೇದುವವರಲ್ಲಿ ಬಿಟ್ಟಮೇಲೂ ಒಂದು ತಿಂಗಳು ಪಾಸಿಟಿವ್ ಬರಬಹುದು. ಬಿಟ್ಟ ಎರಡು ವಾರಕ್ಕೆ ಬಂದ ಪಾಸಿಟಿವ್ ನೋಡಿ ಮಗನನ್ನು ಸುಳ್ಳುಗಾರ ಅನ್ನುವುದು ಅನ್ಯಾಯ.

ಗುಳಿಗೆ ಮತ್ತು ಹೊಗೆ

ಭ್ರಮೆ ತಗ್ಗಿಸಲು ಕೊಡುವ ಒಲಾಂಜಪಿನ್, ಕ್ಲೋಜಪಿನ್ ಗುಳಿಗೆಗಳಿಗೆ ಹೊಗೆಯ ಜೊತೆ ನೇರ ಸಂಬಂಧವಿದೆ. ಸೇದುವ ಹೊಗೆ ಯಕೃತ್ತಿನಲ್ಲಿ ಈ ಔಷಧ ಬೇಗ ಕರಗಿಹೋಗುವಂತೆ ಮಾಡುತ್ತದೆ. ಆಸ್ಪತ್ರೆಯಲ್ಲಿ ಹೊಗೆ ಇಲ್ಲದೆ ಇದ್ದಾಗ ಸರಿಹೋದ ಡೋಸ್ ಊರಿಗೆ ಬಂದು ಮತ್ತೆ ಸೇದಿದ ಮೇಲೆ ಸಾಲುವುದಿಲ್ಲ. ಸೇದುತ್ತಿದ್ದವನು ಥಟ್ಟನೆ ಬಿಟ್ಟರೆ ಅದೇ ಡೋಸ್ ಹೆಚ್ಚಾಗಿ ದಿನವಿಡೀ ತೂಕಡಿಸುತ್ತಾನೆ. ಬಿಟ್ಟರೂ, ಮತ್ತೆ ಶುರು ಮಾಡಿದರೂ, ಎರಡನ್ನೂ ವೈದ್ಯರಿಗೆ ಹೇಳಬೇಕಾದ ಕಾರಣ ಇದು. ಬೈಪೋಲಾರ್ ಕಾಯಿಲೆಗೆ ಲಿಥಿಯಂ ತಗೊಳ್ಳುವವರು ಬಿಸಿಲಿನಲ್ಲಿ ನೀರು ಕಡಿಮೆ ಕುಡಿದರೆ ಅದರ ಮಟ್ಟ ರಕ್ತದಲ್ಲಿ ವಿಷದ ಹಂತಕ್ಕೆ ಏರಬಹುದು. ಕೈ ಜೋರಾಗಿ ನಡುಗುವುದು, ವಾಂತಿ, ತೊದಲುವುದು ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ. ರಕ್ತ ತೆಳುವಾಗಿಸುವ ವಾರ್ಫರಿನ್ ನಡೆಯುತ್ತಿದ್ದರೆ, ಆಪರೇಷನ್ ಇದ್ದರೆ, ಬಸುರಿ ಅಥವಾ ಬಾಣಂತಿಯಾಗಿದ್ದರೆ ಆಯಾ ವೈದ್ಯರಿಗೂ ಗಾಂಜಾ ವಿಷಯ ತಿಳಿಸಿ.

ಭ್ರಮೆಗೇ ಕೊಡುವ ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್ ಶುರುವಾದ ಮೊದಲ ದಿನಗಳಲ್ಲಿ, ಅದರಲ್ಲೂ ಹುಡುಗರಲ್ಲಿ, ಕುತ್ತಿಗೆ ಒಂದು ಕಡೆ ತಿರುಚುವುದು, ನಾಲಿಗೆ ಹೊರಳುವುದು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುವುದು ಉಂಟು. ನೋಡಿದವರು ದೆವ್ವ ಬಡಿಯಿತೆಂದು ಹೆದರುತ್ತಾರೆ. ಇದು ಔಷಧದ ಅಡ್ಡಪರಿಣಾಮ. ತಕ್ಷಣ ಆಸ್ಪತ್ರೆಗೆ ಕರೆದೊಯ್ದರೆ ಒಂದು ಇಂಜೆಕ್ಷನ್ನಿನಲ್ಲಿ ಸಾಮಾನ್ಯವಾಗಿ ಅರ್ಧ ತಾಸಿನೊಳಗೆ ಸಡಿಲಾಗುತ್ತದೆ.

ಬಿಟ್ಟ ಮೊದಲ ಎರಡು ವಾರ

ಗಾಂಜಾ ಬಿಟ್ಟ ಒಂದೆರಡು ದಿನಕ್ಕೆ ಸಿಡುಕು, ನಿದ್ದೆಗೇಡು, ಬೆವರು, ಊಟ ಸೇರದಿರುವುದು ಶುರುವಾಗಿ ಮೊದಲ ವಾರದಲ್ಲಿ ಹೆಚ್ಚಿರುತ್ತದೆ, ಎರಡು ಮೂರು ವಾರಕ್ಕೆ ತಗ್ಗುತ್ತದೆ. ಕನಸುಗಳು ಇನ್ನೂ ಕೆಲವು ವಾರ ಕಾಡಬಹುದು. ತಂಬಾಕು ಕೂಡಿಸಿ ಸೇದುತ್ತಿದ್ದವರಿಗೆ ಎರಡು ಚಟ ಒಮ್ಮೆಗೇ ಬಿಟ್ಟ ಹಿಂಸೆ. ನಿಕೋಟಿನ್ ಚ್ಯೂಯಿಂಗ್ ಗಮ್ ಬೇಕೇ ಎಂದು ಮೊದಲೇ ಕೇಳಿಕೊಳ್ಳಿ. ಗಾಂಜಾ ಚಟಕ್ಕೆಂದೇ ಒಪ್ಪಿಗೆ ಪಡೆದ ಗುಳಿಗೆ ಇಲ್ಲ. ಕೆಲಸ ಮಾಡುವುದು ಆಪ್ತಸಮಾಲೋಚನೆ, ಜೊತೆಗೆ ನಿದ್ದೆ, ಆತಂಕಕ್ಕೆ ವೈದ್ಯರು ಅಳೆದು ಕೊಡುವ ಔಷಧ. ಮೆಡಿಕಲ್ ಶಾಪಿನಿಂದ ನಿದ್ದೆಗುಳಿಗೆ ತಂದು ನುಂಗಿದರೆ ಒಂದು ಚಟದ ಜಾಗಕ್ಕೆ ಇನ್ನೊಂದು ಬರುತ್ತದೆ, ಮೇಲೆ ಕುಡಿದರೆ ಉಸಿರೇ ನಿಲ್ಲಬಹುದು.

ಪದೇ ಪದೇ ವಾಂತಿಯಾಗಿ ಬಿಸಿನೀರು ಮೈಮೇಲೆ ಸುರಿದುಕೊಂಡರೆ ಮಾತ್ರ ತಣಿಯುತ್ತಿದ್ದರೆ ಅದನ್ನೂ ಹೇಳಿ. ವರ್ಷಗಟ್ಟಲೆ ಸೇದಿದವರಲ್ಲಿ ಗಾಂಜಾವೇ ವಾಂತಿ ಎಬ್ಬಿಸುವ ಒಂದು ತೊಂದರೆಯ ಲಕ್ಷಣವದು. ಗ್ಯಾಸ್ಟ್ರಿಕ್ ಎಂದು ತಿಳಿದು ಎಂಡೋಸ್ಕೋಪಿಗೆ ದುಡ್ಡು ಸುರಿಯುವವರಿದ್ದಾರೆ.

ಮತ್ತೆ ಸೇದಿದರೆ ಗುಳಿಗೆ ಬಿಡಬೇಡಿ, ಮುಂದಿನ ಭೇಟಿಯನ್ನೂ ತಪ್ಪಿಸಬೇಡಿ. ಸೇದಿದ ದಿನ, ಎಷ್ಟು ಸಲ, ಅದಕ್ಕೆ ಮೊದಲು ಏನಾಗಿತ್ತು (ಜಗಳವೋ, ಪಗಾರದ ದಿನವೋ, ಗೆಳೆಯ ಕರೆದದ್ದೋ) ಎಂದು ಅದೇ ಹಾಳೆಯ ಹಿಂಬದಿಗೆ ಬರೆದುಕೊಂಡು ಹೋಗಿ. ಆಪ್ತಸಮಾಲೋಚಕರು ಮುಂದಿನ ಮಾತು ಶುರು ಮಾಡುವುದು ಆ ಸಾಲಿನಿಂದಲೇ.